ಬರೆಯುವ ಮೈ, ಓದುವ ಮೈ

ಬೆಳಿಗ್ಗೆ ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೊರಡುವಾಗ ಕಪಿಲೆಯೂ ನಾನೂ ಒಂದೇ ದಿಕ್ಕಿಗೆ ಹೋಗುತ್ತಿದ್ದೆವು. ಸಂಜೆ ನಾನು ಬಸ್ಸು ಹತ್ತಿ ವಾಪಸು ಬರುತ್ತಿದ್ದೆ, ಅವಳು ಕಾವೇರಿಯನ್ನು ಸೇರಿ ಮುಂದೆ ಹೋಗಿಬಿಟ್ಟಿರುತ್ತಿದ್ದಳು. ಭೂಗೋಳ ಕಲಿಸುವವರ ತಮಾಷೆ ಈ ಮಟ್ಟದ್ದೇ. ಇದನ್ನು ಕೇಳಿ ಮನಸಾರೆ ನಕ್ಕ ವಿದ್ಯಾರ್ಥಿನಿ ಒಬ್ಬಳೇ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಕಾಲೇಜಿನಲ್ಲಿ ಬಿ.ಎ. ಪ್ರವೇಶ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಪ್ರಾಂಶುಪಾಲರು ಹೇಳಿ ಕಳಿಸಿದರು. ಹೋದರೆ ಅವರ ಮೇಜಿನ ಮುಂದೆ ಮೂಗೂರಿನ ತಾಯಿ, ಮಗಳು. ತಾಯಿ ಕೂಲಿ ಮಾಡುವ ಹೆಂಗಸು, ಕುರ್ಚಿ ಖಾಲಿ ಇದ್ದರೂ ನಿಂತೇ ಇದ್ದಳು. ಮಗಳು ಕೂತಿದ್ದಳು, ಮಡಚಿದ ಬಿಳಿ ಕೋಲು ತೊಡೆಯ ಮೇಲಿತ್ತು. ಚಿಕ್ಕಂದಿನಲ್ಲೇ ದೃಷ್ಟಿ ಹೋಗಿ, ಮೈಸೂರಿನ ವಿಶೇಷ ಶಾಲೆಯ ಹಾಸ್ಟೆಲಿನಲ್ಲಿದ್ದು ಬ್ರೈಲ್ ಕಲಿತು, ಪಿಯುಸಿಯನ್ನು ಒಳ್ಳೆಯ ಅಂಕ ತೆಗೆದು ಮುಗಿಸಿದ್ದಳು.

“ಈಕೆಗೆ ಭೂಗೋಳ ಬೇಕಂತೆ ಮೇಡಂ, ನೀವೇ ತಿಳಿಸಿ ಹೇಳಿ” ಎಂದರು ಪ್ರಾಂಶುಪಾಲರು. “ಇತಿಹಾಸ, ರಾಜ್ಯಶಾಸ್ತ್ರ ಆದರೆ ಕ್ಯಾಸೆಟ್ ಕೇಳಿಕೊಂಡು ಓದಬಹುದು. ಭೂಗೋಳ ಅಂದರೆ ನೋಡೋ ವಿಷಯ.”

ನನ್ನ ವಿಷಯ ಎಂಥದ್ದೆಂದು ಇನ್ನೊಬ್ಬರು ನನಗೇ ಹೇಳಿದರೆ ನನಗೆ ಕೋಪ ಮೂಗಿನ ತುದಿಯಲ್ಲೇ. ಆ ಗಳಿಗೆಯಲ್ಲಿ ಹುಡುಗಿಯ ಮೇಲಿನ ಕಾಳಜಿಗಿಂತ ಆ ಮಾತಿನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಆದರೂ ಕೇಳಿದೆ, ಭೂಗೋಳವೇ ಯಾಕಮ್ಮ ಎಂದು.

“ಚಿಕ್ಕೋಳಿದ್ದಾಗ ಆಸ್ಟೆಲಲ್ಲಿ ಊರು ನೆನೆಸ್ಕೊಂಡು ಅಳ್ತಿದ್ದೆ ಮೇಡಂ. ನಮ್ಮೂರು ಯಾವ ಕಡೀಗದೆ ಅಂತ ಕೇಳಿದ್ರೆ ಎಲ್ರೂ ‘ಅಗೋ, ಆ ಕಡೆ’ ಅನ್ನೋರು. ಕೈ ತೋರಿಸ್ತಿದ್ರೇನೋ. ನಂಗೆ ಆ ಕಡೆ ಯಾವ್ದು ಅಂತ ಗೊತ್ತಾಯ್ತಿರ್ಲಿಲ್ಲ. ಯಾವ ಕಡೀಕೆ ಮಕ ಮಾಡ್ಕೊಂಡು ಅಳ್ಬೇಕು ಅನ್ನೋದೂ ತಿಳೀದು.” ಹೇಳಿ ತಾನೇ ನಕ್ಕಳು.

ತಾಯಿ ಮೆಲ್ಲಗೆ, “ಇಡದ್ ಅಟ ಬುಡಾಕಿಲ್ಲ ಕಣವ್ವ ಇವ್ಳು. ಆದ್ರೆ ವರ್ಸ ಆಳಾದ್ರೆ ಇವ್ರಪ್ಪ ಓದು ಸಾಕು, ಮನೇಲಿರು ಅಂದ್ಬುಡ್ತಾನೆ. ಅದೊಂದೇ ನನ್ಗೆ ಬಯ” ಎಂದಳು.

ಪ್ರಾಂಶುಪಾಲರು ಕೆಟ್ಟವರಲ್ಲ. ಹೆದರುವವರು, ಅಷ್ಟೆ. ಒಂದು ಷರತ್ತಿನ ಮೇಲೆ ಸಹಿ ಹಾಕಿದರು. ವರ್ಷದ ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆಗೆ ವಿಶ್ವವಿದ್ಯಾನಿಲಯ ಹೊರಗಿನ ಪರೀಕ್ಷಕರನ್ನು ಕಳಿಸುತ್ತದೆ. ಅದರಲ್ಲಿ ಪಾಸಾದರೆ ಮುಂದುವರಿಯಬಹುದು, ಆಗದಿದ್ದರೆ ಬೇರೆ ವಿಷಯ ತೆಗೆದುಕೊಂಡು ಮತ್ತೆ ಮೊದಲಿನಿಂದ. ಆ ಮನೆಯಲ್ಲಿ ‘ಮತ್ತೆ ಮೊದಲಿನಿಂದ’ ಎನ್ನುವುದು ಇರಲಿಲ್ಲ ಎಂಬುದು ತಾಯಿಯ ಮಾತಿನಲ್ಲೇ ಗೊತ್ತಾಗಿತ್ತು. ಹಾಗಾಗಿ ಅವಳ ಓದೆಲ್ಲ ಒಂದು ಪ್ರಾಕ್ಟಿಕಲ್ ಪರೀಕ್ಷೆಯ ಮೇಲೆ ನಿಂತಿತು.

ಪಾಠದ ಭಾಗ ಕಷ್ಟವಾಗಲಿಲ್ಲ. ಪುಸ್ತಕವನ್ನು ನಾನು ಮನೆಯಲ್ಲಿ ಓದಿ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿಕೊಡುತ್ತಿದ್ದೆ. ಅಡುಗೆಯ ಹೊತ್ತಿಗೇ ನನಗೆ ಬಿಡುವು ಸಿಗುತ್ತಿದ್ದದ್ದು. “ಮಾನ್ಸೂನ್ ಪಾಠದಲ್ಲಿ ಮೋಡ ಕಟ್ಟೋ ಹೊತ್ಗೆ ಸರಿಯಾಗಿ ಕುಕ್ಕರ್ ಕೂಗುತ್ತೆ ಮೇಡಂ, ಪರೀಕ್ಷೇಲಿ ಅದೂ ಬರೀಬೇಕಾ?” ಎನ್ನುತ್ತಿದ್ದಳು. ಇಂಥ ತಲೆಹರಟೆ ಅವಳಲ್ಲಿ ಬೇಕಾದಷ್ಟಿತ್ತು. ಅದಿಲ್ಲದಿದ್ದರೆ ಆ ವರ್ಷ ನನ್ನಿಂದ ಸಾಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ನಕ್ಷೆಯದೇ ತಾಪತ್ರಯ. ಮೊದಲ ನಕ್ಷೆಯನ್ನು ರಟ್ಟಿನ ಮೇಲೆ ಮಾಡಿದೆ. ದಕ್ಷಿಣ ಭಾರತ. ಕರಾವಳಿಗೆ ಗೋಣಿ ದಾರ, ನದಿಗಳಿಗೆ ಹತ್ತಿಯ ನೂಲು, ಊರುಗಳಿಗೆ ಹುಣಸೆಬೀಜ, ಪಶ್ಚಿಮ ಘಟ್ಟಕ್ಕೆ ರಾಗಿ. ಎಲ್ಲವನ್ನೂ ಮೈದಾ ಅಂಟಿನಲ್ಲಿ ಅಂಟಿಸಿ, ಒಣಗಿಸಿ, ನಾನೇ ಎರಡು ಸಲ ಬೆರಳಾಡಿಸಿ ಹೆಮ್ಮೆಪಟ್ಟುಕೊಂಡೆ. ಅವಳು ಒಂದು ವಾರದಲ್ಲಿ ಅದನ್ನು ಕರಗತ ಮಾಡಿಕೊಂಡಳು. ದಸರಾ ರಜೆ ಮುಗಿಸಿ ಬಂದು ಬೀರು ತೆಗೆದು ಅವಳ ಮುಂದಿಟ್ಟರೆ, ಬೆರಳು ಮಂಗಳೂರಿನ ಹತ್ತಿರ ಹುಡುಕಿ ಹುಡುಕಿ ನಿಂತಿತು.

“ಮೇಡಂ, ಘಟ್ಟ ಸಿಕ್ತಾನೇ ಇಲ್ಲ.”

ಇಲಿಗಳು ಪಶ್ಚಿಮ ಘಟ್ಟವನ್ನು ಪೂರ್ತಿ ತಿಂದು ಬಯಲು ಮಾಡಿದ್ದವು. ಮೈದಾ ರುಚಿಗೆ ಕರಾವಳಿಯನ್ನೂ ಅಲ್ಲಲ್ಲಿ ಕಡಿದಿದ್ದವು. ತಿನ್ನುವ ಪದಾರ್ಥದಲ್ಲಿ ನಕ್ಷೆ ಮಾಡುವ ಬುದ್ಧಿ ಅಡುಗೆಮನೆಯಲ್ಲಿ ಪಾಠ ತಯಾರಿಸುವವಳಿಗಲ್ಲದೆ ಇನ್ನಾರಿಗೆ ಬಂದೀತು?

ಅದಾದ ಮೇಲೆ ರಾಗಿಯ ಬದಲು ಹೊಳೆಯ ಮರಳು, ಮೈದಾದ ಬದಲು ಬಡಗಿಗಳ ಬಿಳಿ ಗೋಂದು ಬಂತು. ಆದರೆ ಒಂದು ನಕ್ಷೆಗೆ ಎರಡು ಸಂಜೆ ಹಿಡಿಯುತ್ತಿತ್ತು, ಬೇಕಾದ ನಕ್ಷೆಗಳೋ ಒಂದು ರಾಶಿ. ಆಗ ದಾರಿ ಸಿಕ್ಕಿದ್ದು ನಂಜನಗೂಡಿನ ದರ್ಜಿಯ ಅಂಗಡಿಯಲ್ಲಿ. ರವಿಕೆಯ ಅಳತೆ ಕೊಡಲು ನಿಂತಿದ್ದಾಗ ಆತ ಬಟ್ಟೆಯ ಮೇಲೆ ಗುರುತು ಹಾಕಲು ಸಣ್ಣ ಹಲ್ಲುಚಕ್ರವನ್ನು ಉರುಳಿಸುತ್ತಿದ್ದ. ಚಕ್ರ ಹೋದಲ್ಲೆಲ್ಲ ಕೆಳಗಿದ್ದ ಕಾಗದದಲ್ಲಿ ಚುಕ್ಕಿಗಳ ಸಾಲು ಉಬ್ಬಿತ್ತು. ಅಂಥದೇ ಒಂದು ಚಕ್ರ ಕೊಂಡುತಂದೆ. ಹಳೆಯ ಸ್ಕೂಟರ್ ಟ್ಯೂಬನ್ನು ಸೀಳಿ ಹಲಗೆಯ ಮೇಲೆ ಹರಡಿ, ಅದರ ಮೇಲೆ ದಪ್ಪ ಹಾಳೆ, ಹಾಳೆಯ ಮೇಲೆ ತಾಲ್ಲೂಕಿನ ನಕ್ಷೆ ಇಟ್ಟು ಗೆರೆಯ ಮೇಲೆ ಚಕ್ರ ಓಡಿಸಿದೆ. ಹಾಳೆ ಮಗುಚಿದರೆ ನದಿ, ರಸ್ತೆ, ಗಡಿ ಎಲ್ಲ ಬೆರಳಿಗೆ ಸಿಗುವಂತೆ ಎದ್ದಿದ್ದವು. ಅರ್ಧ ಗಂಟೆಯ ಕೆಲಸ. ಬೀಗುತ್ತ ತಂದುಕೊಟ್ಟೆ.

ಅವಳು ಬೆರಳಾಡಿಸಿದಳು. ನಿಂತಳು. ಮತ್ತೆ ಆಡಿಸಿದಳು. ತುಟಿಯಂಚಿನಲ್ಲಿ ನಗು.

“ಮೇಡಂ, ಮುಡುಕುತೊರೆ ಬೆಟ್ಟ ಏನಾದ್ರೂ ನಂಜನಗೂಡಿನ ಕಡೀಕೆ ವಲಸೆ ಬಂದದಾ?”

“ಯಾಕೆ?”

“ಬೆಳಿಗ್ಗೆ ಮೂಗೂರಿಂದ ಬಸ್ಸಲ್ಲಿ ಬರೋವಾಗ ಬಿಸಿಲು ನನ್ನ ಬಲಗೆನ್ನೆ ಮೇಲೆ ಬೀಳುತ್ತೆ. ಅಂದ್ರೆ ಮೂಡಲು ಬಲಕ್ಕೆ. ತಲಕಾಡು, ಮುಡುಕುತೊರೆ ಆ ಕಡೀಕಲ್ವಾ? ಇದ್ರಲ್ಲಿ ಎಡಕ್ಕೆ ಬಂದು ಕೂತವೆ. ಕಾವೇರಿ ಕೊಡಗಿನ ಕಡೀಕೆ ವಾಪಸ್ ಅರೀತಾ ಅವಳೆ.”

ನಾನು ಹಣೆ ಚಚ್ಚಿಕೊಂಡೆ. ಹಿಂದಿನಿಂದ ಒತ್ತಿದ್ದು ಮುಂದೆ ಬರುವಾಗ ಎಡ ಬಲ ಅದಲುಬದಲಾಗುತ್ತದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಇನ್ನು ಪ್ರತಿ ನಕ್ಷೆಯನ್ನೂ ಮೊದಲು ತಿರುವುಮುರುವಾಗಿ ಬರೆದುಕೊಂಡು ಆಮೇಲೆ ಚಕ್ರ ಓಡಿಸಬೇಕು. ಅರ್ಧ ಗಂಟೆಯ ಕೆಲಸ ಮತ್ತೆ ಎರಡು ಸಂಜೆಯದಾಯಿತು ಎಂದು ಗೊಣಗುತ್ತ ಕೂತೆ.

“ಇದಕ್ಯಾಕೆ ಮೇಡಂ ಅಷ್ಟು ತಲೆ ಕೆಡಿಸ್ಕೋತೀರಾ?” ಎನ್ನುತ್ತ ಅವಳು ಚೀಲದಿಂದ ತನ್ನ ಬ್ರೈಲ್ ಸ್ಲೇಟು, ಮೊಳೆ ತೆಗೆದಳು. ಸಾಲುಸಾಲು ಕಿಂಡಿಗಳಿದ್ದ ಆ ಪಟ್ಟಿಯ ನಡುವೆ ಹಾಳೆ ಸಿಕ್ಕಿಸಿ, ಬಲತುದಿಯಿಂದ ಎಡಕ್ಕೆ ಟಕಟಕ ಚುಚ್ಚುತ್ತ ಹೋದಳು. ಹಾಳೆ ತೆಗೆದು ಮಗುಚಿ, ಈಗ ಎಡದಿಂದ ಬಲಕ್ಕೆ ಓದಿದಳು. “ನಾವು ಅಕ್ಷರ ಬರೆಯೋದೇ ಇಂಗೆ. ಹಾಳೆಗೆ ಬರೆಯೋ ಮೈ ಬೇರೆ, ಓದೋ ಮೈ ಬೇರೆ. ಒಂದ್ನೇ ಕ್ಲಾಸಿಂದ ಎಲ್ಲಾನೂ ತಿರುಗುಮುರುಗಾಗಿ ಬರೆದೇ ಅಭ್ಯಾಸ. ಚಕ್ರ ನಂಗೆ ಕೊಡಿ.”

ಕೊಟ್ಟೆ. ಅಲ್ಲಿಯವರೆಗೆ ನಾನು ನಕ್ಷೆ ಮಾಡುತ್ತಿದ್ದೆ, ಅವಳು ಓದುತ್ತಿದ್ದಳು. ಅಂದಿನಿಂದ ನಕ್ಷೆ ಅವಳೇ ಮಾಡಿದಳು. ಸರಿಯಾಗಿ ಎದ್ದಿದ್ದ ಹಳೆಯ ನಕ್ಷೆಯೊಂದನ್ನು ಎಡಗೈಯಲ್ಲಿ ಓದುತ್ತ ಬಲಗೈಯಲ್ಲಿ ಅದನ್ನೇ ಮಗುಚಿ ಬರೆಯುವಳು. ಬಡಗಿಯ ಕೈಲಿ ಅರ್ಧರ್ಧ ಇಂಚಿಗೆ ಕಚ್ಚು ಹಾಕಿಸಿದ ಮರದ ಅಳತೆಪಟ್ಟಿ ಬಂತು. ಗೆರೆ ಮೊದಮೊದಲು ಸೊಟ್ಟಗೆ ಹೋಗುತ್ತಿತ್ತು. ಬೈದರೆ, “ರಸ್ತೇನೇ ಸೊಟ್ಟ ಅದೆ, ಬಸ್ಸಲ್ಲಿ ಕೂತ್ರೆ ಗೊತ್ತಾಗಲ್ವಾ?” ಎನ್ನುವಳು. ಸಂಜೆಯ ಬಸ್ಸು ಬರುವ ತನಕ ಭೂಗೋಳದ ಕೋಣೆಯಲ್ಲಿ ನಾವಿಬ್ಬರೂ ಹೀಗೆ ಜಗಳವಾಡುತ್ತ ಕೂತಿದ್ದ ದಿನಗಳು ನನ್ನ ನೌಕರಿಯ ಅತ್ಯಂತ ಸುಖದ ದಿನಗಳು. ಆಗ ಗೊತ್ತಿರಲಿಲ್ಲ, ದಣಿವು ಎಂದುಕೊಂಡಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಸರಪಳಿ ಅಳತೆ, ಅಂದರೆ ನೆಲವನ್ನು ಅಳೆದು ನಕ್ಷೆ ಬರೆಯುವ ಪ್ರಾಕ್ಟಿಕಲ್ ಪಾಠ, ಶುರುವಾಯಿತು. ನೂರಡಿಯ ಕಬ್ಬಿಣದ ಸರಪಳಿ, ಹತ್ತು ಹತ್ತು ಅಡಿಗೆ ಒಂದು ಹಿತ್ತಾಳೆ ಬಿಲ್ಲೆ. ಹತ್ತಕ್ಕೆ ಒಂದು ಹಲ್ಲಿನ ಬಿಲ್ಲೆ, ಇಪ್ಪತ್ತಕ್ಕೆ ಎರಡು ಹಲ್ಲಿನದು, ಹೀಗೆ ನಲವತ್ತರವರೆಗೆ. ನಟ್ಟನಡುವಿನದು ದುಂಡಗೆ. ಅಷ್ಟು ವರ್ಷ ಅದನ್ನು ಎಳೆದಾಡಿದ್ದರೂ ಆ ಹಲ್ಲುಗಳನ್ನು ನಾನು ಕಣ್ಣಿನಿಂದಲೇ ಎಣಿಸಿದ್ದೆ. ಅವಳು ಮುಟ್ಟಿದ ಕೂಡಲೇ, “ಇದು ನಮ್ಮೋರಿಗೇ ಮಾಡಿದ್ದು” ಎಂದಳು. ಕೆಸರಲ್ಲಿ, ಹುಲ್ಲಲ್ಲಿ ಮುಚ್ಚಿಹೋದರೂ ಕೈಗೆ ತಿಳಿಯಲೆಂದು ಯಾರೋ ಪುಣ್ಯಾತ್ಮರು ಹಾಗೆ ಮಾಡಿರಬೇಕು.

ಅಳತೆಯನ್ನು ಇಬ್ಬಿಬ್ಬರು ಸೇರಿ ಮಾಡಬೇಕು. ಅವಳ ಜೊತೆಗೆ ಬನ್ನೂರಿನ ಒಬ್ಬ ಸಹಪಾಠಿ ನಿಂತಳು, ಮಹಾ ಮಾತುಗಾರ್ತಿ. ಬಾವುಟದ ಕೋಲು ನೆಟ್ಟು ಸರಪಳಿ ನೇರವಿದೆಯೇ ಎಂದು ನೋಡುವುದು ಬನ್ನೂರಿನವಳ ಕೆಲಸ, ಅಳತೆ ಹಿಡಿಯುವುದು ಇವಳ ಕೆಲಸ. ಮೊದಲ ದಿನವೇ ಎಡವಟ್ಟಾಯಿತು. ದುಂಡು ಬಿಲ್ಲೆಯ ಆಚೆ ಹಲ್ಲುಗಳು ಹಿಂದುಮುಂದಾಗಿ ಬರುತ್ತವೆ. ನಲವತ್ತಕ್ಕೂ ನಾಲ್ಕು ಹಲ್ಲು, ಅರವತ್ತಕ್ಕೂ ನಾಲ್ಕೇ. ಸರಪಳಿಯ ನಡುವೆ ಎಲ್ಲೋ ಕೈ ಹಾಕಿದವಳು ಅರವತ್ತನ್ನು ನಲವತ್ತು ಎಂದಳು. ಕೊನೆಗೆ ನಕ್ಷೆಯಲ್ಲಿ ಕಾಲೇಜಿನ ಕೈಪಂಪು ಹೋಗಿ ಗೇಟಿನ ಎದುರಿಗೇ ಕೂತಿತು.

“ಎಲ್ಲಾರ್ಗೂ ಹತ್ರ ಆಯ್ತಲ್ಲ ಬುಡೇ” ಎಂದು ಬನ್ನೂರಿನವಳು ಸಮಾಧಾನ ಮಾಡಿದಳು. ಇವಳು ನಗಲಿಲ್ಲ. ಆ ದಿನ ಒಂದೇ ದಿನ ಅವಳು ಅತ್ತದ್ದನ್ನು ನಾನು ನೋಡಿದ್ದು. ಮರುದಿನದಿಂದ ಎಷ್ಟು ಹೊತ್ತು ಹಿಡಿದರೂ ಸರಿ, ಸರಪಳಿಯ ಹಿಡಿಯಿಂದಲೇ ಕೈ ಆಡಿಸಿಕೊಂಡು ಹೊರಡುವಳು. ದುಂಡು ಬಿಲ್ಲೆ ದಾಟಿದರೆ “ನಡ ದಾಟ್ದೆ” ಎಂದು ಜೋರಾಗಿ ಕೂಗುವಳು. ಸ್ವಲ್ಪ ದಿನಕ್ಕೆ ಉಳಿದ ಹುಡುಗರೂ ಸರಪಳಿ ಹಿಡಿದಾಗ ಹಾಗೇ ಕೂಗತೊಡಗಿದರು.

ಪರೀಕ್ಷೆಯ ದಿನ ಬಂತು. ಹೊರಗಿನ ಪರೀಕ್ಷಕರು ಹಾಸನದ ಕಡೆಯ ಹಿರಿಯರು, ಮೃದು ಸ್ವಭಾವದವರು. ಬರೆಯುವ ಪರೀಕ್ಷೆಗೆ ಸಹಾಯಕರನ್ನು ಇಟ್ಟುಕೊಳ್ಳಬಹುದೆಂಬ ನಿಯಮವಿತ್ತು, ಪ್ರಾಕ್ಟಿಕಲ್ ಬಗ್ಗೆ ನಿಯಮ ಬಾಯಿ ಬಿಟ್ಟಿರಲಿಲ್ಲ. ಅವರು ಹುಡುಗಿಯನ್ನು ನೋಡಿ, ಪ್ರಾಂಶುಪಾಲರನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು.

“ಮೌಖಿಕ ಮಾಡಿ ಮುಗಿಸಿಬಿಡೋಣ. ನಾಲ್ಕು ಪ್ರಶ್ನೆ ಕೇಳಿ ಪಾಸು ಹಾಕ್ತೀನಿ. ಪಾಪ, ಬಿಸಿಲಲ್ಲಿ ಯಾಕೆ ಅಲೆಸೋದು?”

ಪ್ರಾಂಶುಪಾಲರ ಮುಖದಲ್ಲಿ ದೊಡ್ಡ ಭಾರ ಇಳಿದಂತಿತ್ತು. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ? ಒಪ್ಪಿದರೆ ಅವಳ ವರ್ಷ ಉಳಿಯುತ್ತದೆ, ಓದು ಉಳಿಯುತ್ತದೆ. ಒಪ್ಪದೆ ಕೈಪಂಪು ಮತ್ತೆ ಗೇಟಿನ ಎದುರು ಹೋಗಿ ಕೂತರೆ? ಆದರೆ ಇದು ನಾನು ತೀರ್ಮಾನಿಸುವ ಮಾತಲ್ಲ ಅನ್ನಿಸಿತು. ಹೋಗಿ ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವಳು ಕೋಲು ಬಿಡಿಸಿಕೊಂಡು ಎದ್ದಳು. “ಈ ವರ್ಷದೋರು ಪಾಪ ಅಂತ ಪಾಸು ಮಾಡ್ತಾರೆ. ಮುಂದಿನ ವರ್ಷ ಬರೋರಿಗೆ ಪಾಪ ಅನ್ನಿಸ್ದೇ ಇದ್ರೆ ಏನ್ ಮಾಡ್ಲಿ ಮೇಡಂ? ಫೇಲಾದ್ರೂ ನಕ್ಷೇಲೇ ಫೇಲಾಯ್ತೀನಿ.”

ಬಾಗಿಲ ಬಳಿ ಬುತ್ತಿ ಹಿಡಿದು ನಿಂತಿದ್ದ ಅವಳ ತಾಯಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹಿಂದಿರುಗಿ ಪರೀಕ್ಷಕರಿಗೆ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, “ಆಯ್ತು. ಆದರೆ ಎಲ್ಲರಿಗೂ ಹಾಕೋ ಹಾಗೇ ಅಂಕ ಹಾಕ್ತೀನಿ, ಆಮೇಲೆ ಬೇಜಾರು ಮಾಡ್ಕೋಬಾರದು” ಎಂದರು.

ಕಾಲೇಜಿನ ಹಿಂದಿನ ಬಯಲಿನಲ್ಲಿ ಸರಪಳಿ ಹಾಕಿದರು. ಸರಪಳಿಯ ಎಡಕ್ಕೆ ಬೇವಿನ ಮರ, ಬಲಕ್ಕೆ ಕೈಪಂಪು, ಕೊನೆಯಲ್ಲಿ ಕಾಂಪೌಂಡಿನ ಮೂಲೆ. “ನಡ ದಾಟ್ದೆ” ಎಂಬ ಕೂಗು ಕೇಳಿ ಪರೀಕ್ಷಕರು ಏನದು ಎಂದು ವಿಚಾರಿಸಿದರು. ಆಮೇಲೆ ಎಲ್ಲರೂ ಒಳಗೆ ಬಂದು ಅವರವರ ನಕ್ಷೆ ಬರೆಯಲು ಕೂತರು. ಉಳಿದವರು ಪೆನ್ಸಿಲ್ ಹೆರೆಯುವಾಗ ಇವಳು ರಬ್ಬರಿನ ಹಲಗೆಗೆ ಹಾಳೆ ಬಿಗಿದು ಚಕ್ರ ಉರುಳಿಸತೊಡಗಿದಳು.

ಮುಗಿಯಿತೆಂದು ಅವಳು ಕೈ ಎತ್ತಿದಾಗ ಪರೀಕ್ಷಕರು ಬಂದು, ಹಲಗೆಯ ಮೇಲಿದ್ದ ಹಾಳೆಯಲ್ಲಿ ಚಕ್ರದ ತುಕ್ಕು ಬಿಟ್ಟ ಗೆರೆಗಳ ಮೇಲೆ ಬಗ್ಗಿದರು. ಹುಬ್ಬು ಗಂಟಿಕ್ಕಿತು.

“ಬೇವಿನ ಮರ ಎಡಕ್ಕಿದೆ, ನೀನು ಬಲಕ್ಕೆ ಹಾಕಿದ್ದೀಯಲ್ಲಮ್ಮ. ಪಂಪೂ ಅದಲುಬದಲು. ಇಡೀ ನಕ್ಷೆಯೇ ತಿರುಗಿದೆ.” ಅವರ ಕೆಂಪು ಪೆನ್ನಿನ ಮುಚ್ಚಳ ತೆರೆದ ಸದ್ದು ನನಗೆ ಕೇಳಿಸಿತು.

ನಾನು ಒಳಗಿನ ಪರೀಕ್ಷಕಿ. ವಿದ್ಯಾರ್ಥಿಯ ಪರವಾಗಿ ತುಟಿ ಬಿಚ್ಚುವಂತಿಲ್ಲ. ಬೆಳಗಿನಿಂದ ಅಷ್ಟು ಮಾತಾಡಿದವಳು ಈ ಒಂದು ಮಾತು ಅವರಿಗೆ ಮೊದಲೇ ಹೇಳುವುದನ್ನು ಮರೆತಿದ್ದೆ.

“ಸಾ” ಎಂದಳು ಹುಡುಗಿ, “ನೀವು ನೋಡ್ತಾ ಇರೋದು ಬರೆಯೋ ಮೈ. ಓದೋ ಮೈ ಕೆಳೀಕದೆ. ಮಗುಚಿ ನೋಡಿ.”

ಅವರು ಹಾಳೆ ಬಿಡಿಸಿ ಮಗುಚಿದರು. ಬರೀ ಬಿಳಿ. ಕಿಟಕಿಗೆ ಹಿಡಿದರು, ಓರೆ ಮಾಡಿದರು, ವಯಸ್ಸಾದ ಕಣ್ಣಿಗೆ ಏನೂ ಹತ್ತಲಿಲ್ಲ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಾಳೆಯನ್ನು ಮುಂದೆ ಹರಡಿಕೊಂಡು ತೋರುಬೆರಳು ಊರಿದರು.

“ನಿಮ್ಮ ಹತ್ರದ ಅಂಚಿಂದ ಸುರು ಮಾಡಿ ಸಾ. ದೊಡ್ಡ ಚುಕ್ಕಿ ಸರಪಳೀದು.”

ಬೆರಳು ನಿಧಾನವಾಗಿ ಮೇಲೆ ಹೋಯಿತು. ಕೋಣೆಯಲ್ಲಿ ಎಲ್ಲರ ಪೆನ್ಸಿಲ್ಲೂ ನಿಂತಿತ್ತು. “ಇದು ಬೇವು?” “ಊ ಸಾ.” “ಇದು?” “ಪಂಪು ಸಾ. ಇನ್ನೊಸಿ ಮೇಲೆ ಕಾಂಪೌಂಡು.” ಅವರು ಅವಳ ಕಚ್ಚಿನ ಪಟ್ಟಿಯನ್ನೇ ತೆಗೆದುಕೊಂಡು ಅಳೆದರು. ಎದ್ದು ವರಾಂಡಕ್ಕೆ ಹೋಗಿ ಬಯಲನ್ನು ಒಮ್ಮೆ ನೋಡಿ ಬಂದು ಮತ್ತೆ ಅಳೆದರು.

“ಕೈಪಂಪು ಒಂದೆರಡು ಅಡಿ ಹಿಂದಕ್ಕೆ ಬಂದಿದೆಯಲ್ಲಮ್ಮ.”

“ಅದ್ಕೆ ಅಂಕ ಕಡೀತೀರಾ ಸಾ?”

“ಕಡೀಲೇಬೇಕಲ್ಲ.”

ಅವಳ ಮುಖ ಅರಳಿತು. ಅಂಕ ಕಳೆದುಕೊಂಡು ಅಷ್ಟು ಸಂತೋಷಪಟ್ಟ ವಿದ್ಯಾರ್ಥಿಯನ್ನು ನಾನು ಮತ್ತೆ ನೋಡಲಿಲ್ಲ. ಪಾಪ ಎಂದು ಹಾಕುವವರು ಎಲ್ಲಿಯಾದರೂ ಎರಡಡಿಗೆ ಅಂಕ ಕಡಿಯುತ್ತಾರೆಯೇ?

ಅವಳು ಪಾಸಾದಳು, ಮೂರು ವರ್ಷವೂ ಭೂಗೋಳವನ್ನೇ ಓದಿದಳು. ಆಮೇಲೆ ಮೈಸೂರಿನಲ್ಲಿ ಎಂ.ಎ. ಮಾಡಿ ಮೇಷ್ಟ್ರಾದಳು. ನಮ್ಮ ಆ ಕೋಣೆಯಲ್ಲಿ ಈಗ ಕಂಪ್ಯೂಟರುಗಳಿವೆಯಂತೆ. ದರ್ಜಿಯ ಚಕ್ರವನ್ನು ಹೋಗುವಾಗ ಅವಳು ಕೇಳಿ ತೆಗೆದುಕೊಂಡು ಹೋದಳು. ನನ್ನ ಬಳಿ ಉಳಿದಿರುವುದು ಮುಡುಕುತೊರೆ ವಲಸೆ ಬಂದ ಆ ತಪ್ಪು ನಕ್ಷೆ. ನಿವೃತ್ತಿಯ ಮೇಲೆ ಆಗಾಗ ತೆಗೆದು ಬೆರಳಾಡಿಸುತ್ತೇನೆ, ಆ ಸಂಜೆಗಳು ಬೇಕೆನ್ನಿಸುತ್ತದೆ.

ಆ ಮಧ್ಯಾಹ್ನದ ಒಂದು ಮಾತು ಬಾಕಿ ಇದೆ. ನಕ್ಷೆ ಮುಗಿದ ಮೇಲೆ ಎಲ್ಲರಿಗೂ ಮೌಖಿಕ ಪ್ರಶ್ನೆಗಳಿದ್ದವು. ಉತ್ತರ ದಿಕ್ಕು ತೋರಿಸಿ ಎಂಬುದೇ ಭೂಗೋಳದ ಪರೀಕ್ಷಕರು ಮೊದಲು ಕೇಳುವ ಪ್ರಶ್ನೆ. ಅದಕ್ಕೇ ಅರ್ಧ ತರಗತಿ ತಡವರಿಸುತ್ತದೆ. ಇವಳ ಸರದಿ ಬಂದಾಗ ಅವರು ಅದನ್ನು ಬಿಟ್ಟು, “ನಿಮ್ಮೂರು ಯಾವುದಮ್ಮ?” ಎಂದರು.

“ಮೂಗೂರು ಸಾ.”

“ಇಲ್ಲಿಂದ ಯಾವ ಕಡೆಗಿದೆ, ತೋರಿಸು ನೋಡೋಣ.”

ಅವಳು ಎದ್ದು ನಿಂತಳು. ಕಿಟಕಿಯಿಂದ ಬರುತ್ತಿದ್ದ ಇಳಿಬಿಸಿಲನ್ನು ಮುಖದಿಂದ ಹುಡುಕಿ, ಅದು ಬಲಗೆನ್ನೆಗೆ ಬೀಳುವ ಹಾಗೆ ತಿರುಗಿ ನಿಂತಳು. ಅಂದರೆ ಅವಳ ಮುಖ ತೆಂಕಲಿಗೆ. ಅಲ್ಲಿಂದ ಒಂದಿಷ್ಟು ಎಡಕ್ಕೆ ಸರಿದು ಕೈಯನ್ನು ಉದ್ದಕ್ಕೆ ಚಾಚಿದಳು.

ಪರೀಕ್ಷಕರಿಗೆ ಈ ಕಡೆಯ ಊರುಗಳು ಗೊತ್ತಿರಲಿಲ್ಲ. ಸರಿಯೇ ಎಂದು ಕೇಳುವಂತೆ ನನ್ನ ಮುಖ ನೋಡಿದರು. ನಾನು ಹೇಳುವ ಮೊದಲೇ ಬಾಗಿಲಿನಿಂದ ಧ್ವನಿ ಬಂತು.

“ಊ ಸಾಮಿ, ಆ ಕಡೀಕೇಯ ನಮ್ಮೂರು.”

ತಾಯಿ ಬುತ್ತಿಯನ್ನು ಕೆಳಗಿಟ್ಟು, ಮಗಳ ಕೈ ತೋರಿಸಿದ ಕಡೆಗೇ ನೋಡುತ್ತ ನಿಂತಿದ್ದಳು.